ತೊಗಲಿನ ಹದ

ಸತ್ತ ಪ್ರಾಣಿಯ ತೊಗಲು ಬಹುಬೇಗ ಕೊಳೆಯತೊಡಗುತ್ತದೆ. ಅದನ್ನು ವರ್ಷಗಟ್ಟಲೆ ಬಾಳುವ ಚರ್ಮವನ್ನಾಗಿ ಮಾರ್ಪಡಿಸುವುದೇ ಹದಗಾರಿಕೆ. ನಮ್ಮ ನಾಡಿನಲ್ಲಿ ಈ ವಿದ್ಯೆಯನ್ನು ಬಲ್ಲವರು ಊರ ಹೊರಗಣ ಕೇರಿಗಳಲ್ಲಿದ್ದರು. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲನ್ನು ಹೆರೆದು, ತಂಗಡಿ ತೊಗಟೆಯ ಕಷಾಯದಲ್ಲಿ ವಾರಗಟ್ಟಲೆ ಅದ್ದಿಡುತ್ತಿದ್ದರು. ತೊಗಟೆಯ ಒಗರು ತೊಗಲಿನ ನಾರುಗಳೊಡನೆ ಬೆರೆತು ಅವು ಕೊಳೆಯದಂತೆ ಕಾಯುತ್ತದೆ. ಇದು ರಸಾಯನಶಾಸ್ತ್ರವೇ ಸರಿ. ಆದರೆ ಅದನ್ನು ಶಾಸ್ತ್ರವೆಂದು ಕರೆದವರಿಲ್ಲ. ಹನ್ನೆರಡನೆಯ ಶತಮಾನದ ಶರಣರು ಮಾದಾರ ಚೆನ್ನಯ್ಯನನ್ನೂ ಹರಳಯ್ಯನನ್ನೂ ತಮ್ಮವರೆಂದು ಗೌರವಿಸಿದರು. ಸಮಾಜವಾದರೋ ಚಪ್ಪಲಿಯನ್ನು ಮೆಟ್ಟಿತು, ಹೊಲಿದ ಕೈಯನ್ನು ದೂರವಿರಿಸಿತು.

ಈ ಕಸುಬು ಪ್ರಯೋಗಶಾಲೆಯನ್ನು ಹೊಕ್ಕದ್ದು ಒಂದು ನೀರಿನ ಚೀಲದ ದೆಸೆಯಿಂದ. ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲಿನ ಚೀಲ ಸದಾ ನೆನೆದು ಬೇಗನೆ ಹಾಳಾಗುತ್ತಿತ್ತು. ರೈತನಿಗೆ ಅದು ದಂಡ. ಮದರಾಸಿನಲ್ಲಿದ್ದ ಇಂಜಿನಿಯರ್ ಆಲ್ಫ್ರೆಡ್ ಚಾಟರ್ಟನ್ 1903ರ ಸುಮಾರಿಗೆ ಕ್ರೋಮಿಯಂ ಲವಣಗಳಿಂದ ಹದ ಮಾಡುವ ಪ್ರಯೋಗಗಳನ್ನು ಕೈಗೊಂಡರು. ವಾರಗಳ ಕೆಲಸ ಈ ವಿಧಾನದಲ್ಲಿ ಕೆಲವೇ ದಿನಗಳಿಗೆ ಇಳಿಯುತ್ತದೆ. ಚರ್ಮವೂ ನೀರಿಗೆ, ಬಿಸಿಗೆ ಸುಲಭವಾಗಿ ಜಗ್ಗುವುದಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿದ್ದವರೂ ಇದೇ ಚಾಟರ್ಟನ್. ಶ್ರೀಗಂಧದ ಎಣ್ಣೆಯ ಉದ್ಯಮದಿಂದ ಅವರ ಹೆಸರನ್ನು ಬಲ್ಲವರು ಅನೇಕರು. ಕಪಿಲೆಯ ಚೀಲವನ್ನು ನೆನೆಯುವವರು ಕಡಿಮೆ.

1948ರಲ್ಲಿ ಮದರಾಸಿನ ಅಡಯಾರಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ಗುಂಟೂರು ಜಿಲ್ಲೆಯ ವೈ. ನಾಯುಡಮ್ಮನವರು ದೀರ್ಘಕಾಲ ಅದರ ನಿರ್ದೇಶಕರಾಗಿದ್ದರು. ಸಂಶೋಧನೆ, ಬೋಧನೆ, ಉದ್ಯಮಗಳು ಬೇರೆಬೇರೆಯಾಗಿರಕೂಡದೆಂಬುದು ಅವರ ನಿಲುವು. ಆಗ ಭಾರತ ಹಸಿ ತೊಗಲನ್ನೂ ಅರೆಹದದ ಚರ್ಮವನ್ನೂ ಹೊರದೇಶಗಳಿಗೆ ಮಾರುತ್ತಿತ್ತು. ಬೂಟು ಹೊಲಿದು ಲಾಭ ಪಡೆಯುವವರು ಬೇರೆಯವರಾಗಿದ್ದರು. 1972ರ ಸೀತಾರಾಮಯ್ಯ ಸಮಿತಿಯ ಸಲಹೆಯ ಮೇರೆಗೆ ಈ ರಫ್ತಿಗೆ ಕಡಿವಾಣ ಬಿದ್ದಿತು. ಪೂರ್ಣ ಹದ ಮಾಡಬಲ್ಲ ತಂತ್ರಜ್ಞರು ದೇಶದಲ್ಲಿ ಇರದಿದ್ದರೆ ಆ ಕಟ್ಟಳೆ ಕಾಗದದಲ್ಲೇ ಉಳಿಯುತ್ತಿತ್ತು. ಕರ್ನಾಟಕದಲ್ಲಿ ಚರ್ಮೋದ್ಯಮದ ಅಭಿವೃದ್ಧಿಗಾಗಿ ಲಿಡ್ಕರ್ ನಿಗಮ 1976ರಲ್ಲಿ ಹುಟ್ಟಿತು.

ಕ್ರೋಮ್ ವಿಧಾನದಿಂದ ಕೇಡೂ ಒದಗಿತು. ತೊಗಲು ಹೀರದೆ ಬಿಟ್ಟ ಲವಣ ಕೊಳಚೆನೀರಿನೊಡನೆ ಹೊರಬೀಳುತ್ತದೆ. ನಂದಿಬೆಟ್ಟದ ಬಳಿ ಹುಟ್ಟುವ ಪಾಲಾರ್ ನದಿ ತಮಿಳುನಾಡಿನ ಹದಗಾರಿಕೆ ಪಟ್ಟಣಗಳ ಬಳಿ ಮಲಿನಗೊಂಡು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1996ರಲ್ಲಿ ತೀರ್ಪು ಬಂದಿತು. ಹೊರಗಿನಿಂದ ನೀರನ್ನು ಸೇರಿಸದೆ ಕ್ರೋಮ್ ಹದ ಮಾಡುವ ವಿಧಾನವನ್ನು ಅಡಯಾರಿನ ವಿಜ್ಞಾನಿಗಳು ಆನಂತರ ರೂಪಿಸಿದರು.

ಇತ್ತ ಅಥಣಿಯ ಕುಶಲಿಗಳು ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ ತೊಗಟೆಯಿಂದ ಹದಗೊಂಡ ಚರ್ಮವೇ ಬೇಕು. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳ ಹೆಸರೂ ದಾಖಲಾಯಿತು.