ಗುತ್ತಿಗೆ ವೈದ್ಯೆಯಾಗಿ ಊರಲ್ಲೇ ಉಳಿಯಲೇ?

ಪ್ರಶ್ನೆ: ಅಕ್ಕಾ, ಎಂಬಿಬಿಎಸ್ ಮುಗಿಸಿ, ಸರ್ಕಾರದ ಒಂದು ವರ್ಷದ ಕಡ್ಡಾಯ ಸೇವೆಯನ್ನೂ ಪೂರೈಸಿದ್ದೇನೆ. ನಮ್ಮ ತಾಲ್ಲೂಕಿನಲ್ಲೇ ಗುತ್ತಿಗೆ ವೈದ್ಯಾಧಿಕಾರಿ ಹುದ್ದೆಗೆ ನೇರ ಸಂದರ್ಶನ ಕರೆದಿದ್ದಾರೆ. ಅಪ್ಪ, ‘ಮಾರ್ಚ್ ಬಂದರೆ ಮುಗಿಯೋ ನೌಕರಿ, ಹೈದರಾಬಾದಿನ ದೊಡ್ಡ ದವಾಖಾನೆಗೆ ಹೋಗು’ ಅಂತಾರೆ. ನನಗೆ ಮದುವೆಯಾಗಿ ಒಂದು ವರ್ಷ. ಗುತ್ತಿಗೆಯವರಿಗೆ ಹೆರಿಗೆ ರಜೆ ಸಿಗಲ್ಲ ಅಂತ ಗೆಳತಿಯರು ಹೆದರಿಸುತ್ತಾರೆ. ಏನು ಮಾಡಲಿ?
— ಹೆಸರು ಬೇಡ, ಬಸವಕಲ್ಯಾಣ

ಉತ್ತರ: ತಂಗಿ, ಸಂದರ್ಶನಕ್ಕೆ ಹೋಗು. ಆದರೆ ಎಲ್ಲವನ್ನೂ ತಿಳಿದುಕೊಂಡು ಹೋಗು.

ಅಪ್ಪನ ಭಯ ಸುಳ್ಳಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಘವೇ ವೈದ್ಯರನ್ನು ನೇಮಿಸಿಕೊಳ್ಳುತ್ತದೆ. ಬೆಂಗಳೂರಿನ ಆಯ್ಕೆಪಟ್ಟಿಗೆ ವರ್ಷಗಟ್ಟಲೆ ಕಾಯದೆ ಖಾಲಿ ಕುರ್ಚಿಗೆ ವೈದ್ಯರು ಬರುವುದು ನಮ್ಮಂಥ ಗಡಿ ಜಿಲ್ಲೆಗೆ ದೊಡ್ಡ ಆಸರೆ. ಆದರೆ ಆ ನೇಮಕ ಸಾಮಾನ್ಯವಾಗಿ ಮಾರ್ಚ್ ಕೊನೆಯವರೆಗಷ್ಟೇ. ಆಮೇಲೆ ನವೀಕರಣ ಆಗಬೇಕು. ‘ಐದಾರು ವರ್ಷ ದುಡಿ, ತಾನಾಗಿ ಕಾಯಂ ಆಗುತ್ತೆ’ ಎಂದು ಯಾರೇ ಹೇಳಿದರೂ ನಂಬಬೇಡ. ನಮ್ಮ ರಾಜ್ಯದ್ದೇ ಆದ ಉಮಾದೇವಿ ಪ್ರಕರಣದಲ್ಲಿ 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಸ್ಪಷ್ಟವಾಗಿ ಹೇಳಿದೆ: ಗುತ್ತಿಗೆ ಸೇವೆಯಿಂದಲೇ ಕಾಯಂ ಹಕ್ಕು ಹುಟ್ಟುವುದಿಲ್ಲ.

ಕಾಯಂ ಹುದ್ದೆಗೆ ಬೇರೆಯೇ ದಾರಿ ಇದೆ. ಸಂವಿಧಾನದ 371(ಜೆ) ವಿಧಿಯಿಂದಾಗಿ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಗ್ರೂಪ್ ಎ ಕಿರಿಯ ಶ್ರೇಣಿ ಮತ್ತು ಗ್ರೂಪ್ ಬಿ ಹುದ್ದೆಗಳ ಶೇ 75ರಷ್ಟು ನಮ್ಮ ಭಾಗದವರಿಗೇ ಮೀಸಲು. ನೌಕರಿಗೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ನಿಮ್ಮೂರಲ್ಲೇ ಇರುವ ಸಹಾಯಕ ಆಯುಕ್ತರ ಕಚೇರಿಯಿಂದ ಈಗಲೇ ಮಾಡಿಸಿಟ್ಟುಕೋ. ಗುತ್ತಿಗೆಯಲ್ಲಿ ದುಡಿಯುತ್ತಲೇ ಕಾಯಂ ನೇಮಕಾತಿಯ ಅಧಿಸೂಚನೆಗೆ, ಪಿಜಿ ಪರೀಕ್ಷೆಗೆ ತಯಾರಾಗು.

ಹೆರಿಗೆ ರಜೆಯ ಬಗ್ಗೆ ಗೆಳತಿಯರು ಹೇಳಿದ್ದು ತಪ್ಪು. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ, ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆಯನ್ನು 2017ರಿಂದ ಕಾನೂನೇ ಕೊಟ್ಟಿದೆ. ದೆಹಲಿಯ ಗುತ್ತಿಗೆ ವೈದ್ಯೆಯೊಬ್ಬರ ಪ್ರಕರಣದಲ್ಲಿ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ರಜೆಯ ನಡುವೆ ಗುತ್ತಿಗೆ ಮುಗಿದರೂ ಸೌಲಭ್ಯ ನಿಲ್ಲಬಾರದು ಎಂದಿತು. ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿ ಪಡೆ.

ಸಂಬಳದ ವಿಷಯದಲ್ಲಿ ಒಂಟಿಯಾಗಿ ಹೋರಾಡಬೇಡ. ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ, ರಾಜ್ಯದ ಗುತ್ತಿಗೆ ವೈದ್ಯರು ರಾಜೀನಾಮೆಗೆ ಸಿದ್ಧರಾಗಿ ಒಟ್ಟಾಗಿ ನಿಂತ ಮೇಲೆ 45 ಸಾವಿರವಿದ್ದದ್ದು 60 ಸಾವಿರಕ್ಕೆ ಏರಿತು. ಜೊತೆಯವರ ಸಂಘಕ್ಕೆ ಸೇರು.

ಇನ್ನೊಂದು ಮಾತು, ಚಿಕಿತ್ಸೆಯಲ್ಲಿ ನಿನ್ನ ಸ್ವಾತಂತ್ರ್ಯದ ಬಗ್ಗೆ. ಅಮೆರಿಕದ ಟೆಕ್ಸಸ್‌ನಲ್ಲಿ ಆಸ್ಪತ್ರೆಗಳು ವೈದ್ಯರನ್ನು ಸಂಬಳಕ್ಕೆ ಇಟ್ಟುಕೊಳ್ಳಲು ಬಹುಕಾಲ ಕಾನೂನಿನ ತಡೆ ಇತ್ತು. ಮಾಲೀಕರು ಚಿಕಿತ್ಸೆಯಲ್ಲಿ ತಲೆಹಾಕುತ್ತಾರೆಂಬುದೇ ಆತಂಕ. 2011ರಲ್ಲಿ ಸಣ್ಣ ಗ್ರಾಮೀಣ ಆಸ್ಪತ್ರೆಗಳಿಗೆ ಅನುಮತಿ ಕೊಟ್ಟಾಗಲೂ, ಚಿಕಿತ್ಸೆಯ ತೀರ್ಮಾನ ವೈದ್ಯರದೇ ಆಗಿರಬೇಕೆಂಬ ಷರತ್ತು ಹಾಕಿದರು. ನೀನೂ ಹಾಗೇ ಇರು. ಯಾರನ್ನು ಬೀದರಿಗೆ ರೆಫರ್ ಮಾಡಬೇಕು, ಯಾರಿಗೆ ಯಾವ ಔಷಧಿ ಎಂಬುದನ್ನು ನವೀಕರಣದ ಹೆದರಿಕೆಗೆ ಬದಲಿಸಬೇಡ. ನೇಮಿಸಿಕೊಳ್ಳುವ ಅಧಿಕಾರ ಜಿಲ್ಲೆಗೆ ಇದ್ದರೆ, ವೈದ್ಯರನ್ನು ಗೌರವದಿಂದ ಉಳಿಸಿಕೊಳ್ಳುವ ಹೊಣೆಯೂ ಜಿಲ್ಲೆಯದೇ. ಇದನ್ನು ನೀನು ಮಾತ್ರವಲ್ಲ, ಊರಿನವರೂ ಕೇಳಬೇಕು.

ಕನ್ನಡ, ಮರಾಠಿ, ಉರ್ದು ಮೂರರಲ್ಲೂ ನೋವು ಹೇಳಿಕೊಳ್ಳುವ ಜನ ನಮ್ಮವರು. ಸಸ್ತಾಪುರ ಬಂಗ್ಲಾದ ಹೆದ್ದಾರಿಯಲ್ಲಿ ರಾತ್ರಿ ಗಾಯಗೊಂಡವನಿಗೆ, ಮುಡಬಿಯಿಂದ ಬಂದ ಬಾಣಂತಿಗೆ ಆ ಮಾತು ತಿಳಿಯುವ ವೈದ್ಯೆ ಬೇಕು. ಸಂದರ್ಶನದ ದಿನ ಅಪ್ಪನನ್ನೂ ಬೀದರಿಗೆ ಕರೆದುಕೊಂಡು ಹೋಗು. ಆದೇಶ ಕೈಗೆ ಬಂದಾಗ ಸಂಬಳ, ರಾತ್ರಿ ಪಾಳಿ, ರಜೆ, ಬಿಡುಗಡೆಯ ನೋಟಿಸ್ ಅವಧಿ ಎಲ್ಲವನ್ನೂ ಇಬ್ಬರೂ ಕೂತು ಓದಿ, ಆಮೇಲೆ ಸಹಿ ಹಾಕು.