ವೇಗ ಮತ್ತು ವಿವೇಕ

ತರಗತಿಯಲ್ಲಿ ನಾವು ಬಿಡಿಸುವ ವೇಗದ ಲೆಕ್ಕಗಳಿಗೆ ಹೆದ್ದಾರಿಯಲ್ಲಿ ಪ್ರಾಣದ ಬೆಲೆಯುಂಟು. ಒಂದು ಉದಾಹರಣೆಯನ್ನು ಪರಿಶೀಲಿಸೋಣ.

ನವಲಗುಂದದ ಹೆದ್ದಾರಿಯಲ್ಲಿ ಒಂದು ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ಪೊಲೀಸರ ಕೈತಪ್ಪಿಸಿ ಓಡುತ್ತಿದೆಯೆಂದು ಭಾವಿಸಿರಿ. 1 ಕಿ.ಮೀ. ಹಿಂದಿರುವ ಪೊಲೀಸ್ ಜೀಪು 120 ಕಿ.ಮೀ. ವೇಗದಿಂದ ಬೆನ್ನಟ್ಟಿದರೆ ಅದನ್ನು ಹಿಡಿಯಲು 3 ನಿಮಿಷ ಬೇಕು. ಅಷ್ಟರಲ್ಲಿ ಜೀಪು 6 ಕಿ.ಮೀ. ಕ್ರಮಿಸಿರುತ್ತದೆ. ಆ ಹಾದಿಯಲ್ಲಿ ಊರುಂಟು, ಶಾಲೆಯುಂಟು, ಹೊಲದಿಂದ ಮರಳುವ ಚಕ್ಕಡಿಯುಂಟು. ಲೆಕ್ಕದಲ್ಲಿ ಇವು ಕಾಣುವುದಿಲ್ಲ.

ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ; ಬ್ರೇಕು ಹಿಡಿದ ಬಳಿಕ ವಾಹನ ಸಾಗುವ ದೂರವೂ ಸುಮಾರು ನಾಲ್ಮಡಿ. 120 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 33 ಮೀಟರು ಓಡುತ್ತದೆ. ಮಳೆಗಾಲದಲ್ಲಿ ಗಾಲಿಗಂಟಿ ಬಂದ ಎರೆಮಣ್ಣಿನಿಂದ ಡಾಂಬರು ಜಾರುವಾಗ ನಿಲ್ಲುವ ದೂರ ಇನ್ನೂ ಹೆಚ್ಚು.

2021ರ ಜನವರಿ 15ರಂದು ಧಾರವಾಡ ಸಮೀಪದ ಇಟಿಗಟ್ಟಿಯ ಬಳಿ ಟೆಂಪೊ ಮತ್ತು ಟಿಪ್ಪರ್ ಮುಖಾಮುಖಿ ಡಿಕ್ಕಿಯಾದವು. ಗೋವೆಗೆ ಹೊರಟಿದ್ದ ದಾವಣಗೆರೆಯ ಗೆಳತಿಯರಲ್ಲಿ ಹಲವರು ಮರಳಲಿಲ್ಲ. ಎದುರುಬದುರು ಬರುವ ವಾಹನಗಳ ಅಂತರವು ಎರಡರ ವೇಗದ ಮೊತ್ತದಿಂದ ಕುಗ್ಗುತ್ತದೆಂಬುದನ್ನು ಮರೆಯಬಾರದು.

ಹಾಗಾದರೆ ತಪ್ಪಿತಸ್ಥನನ್ನು ಬಿಟ್ಟುಬಿಡಬೇಕೆ? ಸಲ್ಲದು. ನಿಸ್ತಂತು ಸಂದೇಶವು ಯಾವ ಕಾರಿಗಿಂತಲೂ ಮುಂಚೆ ಮುಂದಿನ ಠಾಣೆಯನ್ನು ಮುಟ್ಟುತ್ತದೆ. ನೋಂದಣಿ ಸಂಖ್ಯೆಯಿಂದ ಒಡೆಯನ ಪತ್ತೆಯಾಗುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 183 ಮತ್ತು 184ನೆಯ ಕಲಮುಗಳಲ್ಲಿ ಅತಿವೇಗಕ್ಕೂ ಅಪಾಯಕರ ಚಾಲನೆಗೂ ಶಿಕ್ಷೆಯುಂಟು. ತಪ್ಪಿತಸ್ಥನನ್ನು ನಾಳೆಯೂ ಹಿಡಿಯಬಹುದು. ಹೋದ ಜೀವ ಮರಳದು.

ಅಭ್ಯಾಸ: ಅಂತರವು 2 ಕಿ.ಮೀ. ಇದ್ದರೆ ಜೀಪು ಎಷ್ಟು ದೂರ ಓಡಬೇಕು? ಆ ದೂರದೊಳಗೆ ನಿಮ್ಮ ಮನೆಯೂ ಬರುವುದೇ?