ತೊಟ್ಟಿ ಮೀನಿಗೆ ಸಿದ್ಧವೇ? – ನೈಟ್ರೋಜನ್ ಚಕ್ರ ಪಾಠದ ಒಂದು ಅನುಭವ

ಇಂಟರ್ನ್‌ಶಿಪ್‌ಗೆ ನನ್ನನ್ನು ನಿಯೋಜಿಸಿದ್ದ ಪ್ರೌಢಶಾಲೆ ಕರಾವಳಿಯಲ್ಲಿ, ಮೀನುಗಾರಿಕಾ ಬಂದರಿನ ಸಮೀಪದಲ್ಲಿದೆ. ಎಂಟನೇ ತರಗತಿಯ ಸೂಕ್ಷ್ಮಜೀವಿಗಳ ಪಾಠದಲ್ಲಿ ನೈಟ್ರೋಜನ್ ಚಕ್ರ ಬರುತ್ತದೆ. ಬಾಣದ ಗುರುತುಗಳ ಆ ಚಿತ್ರವನ್ನು ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಾರೆ. ಆದರೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ನಿಜವಾಗಿ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಅವರ ಬಳಿ ಸಾಕ್ಷ್ಯವಿರುವುದಿಲ್ಲ. ಆ ಸಾಕ್ಷ್ಯವನ್ನು ತರಗತಿಯಲ್ಲೇ ಒದಗಿಸಲು ಉಪ್ಪುನೀರಿನ ಅಕ್ವೇರಿಯಂ ಒಂದನ್ನು ಬೋಧನೋಪಕರಣವಾಗಿ ಆರಿಸಿಕೊಂಡೆ. ವಿಮರ್ಶಾ ಪಾಠದ ದಿನ ಅದರಲ್ಲಿ ಮೀನು ಈಜುತ್ತಿರಬೇಕು ಎಂಬ ಆಸೆ ನನಗಿತ್ತು. ಅದು ಈಡೇರಲಿಲ್ಲ. ಏಕೆ ಈಡೇರಲಿಲ್ಲ, ಅದರಿಂದ ನಾನು ಏನು ಕಲಿತೆ ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ.

ತೊಟ್ಟಿಯ ತಯಾರಿ

50 ಲೀಟರ್ ನೀರು ಹಿಡಿಯುವ ಗಾಜಿನ ತೊಟ್ಟಿ, ಗಾಳಿಪಂಪು, ಸ್ಪಂಜಿನ ಫಿಲ್ಟರ್, ಒಣ ಕಲ್ಲು ಮತ್ತು ಮರಳು ನಮ್ಮ ಸಾಮಗ್ರಿ. ಅಡುಗೆ ಉಪ್ಪು ಇದಕ್ಕೆ ಆಗದು. ಸಮುದ್ರದ ನೀರಿನಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ ಮುಂತಾದವು ಅದರಲ್ಲಿ ಸಾಕಷ್ಟಿಲ್ಲ. ಅಕ್ವೇರಿಯಂಗೆಂದೇ ಸಿಗುವ ಸಮುದ್ರದ ಉಪ್ಪನ್ನು, ಕ್ಲೋರಿನ್ ತೆಗೆದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಬೆರೆಸಿ, ಹೈಡ್ರೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು ಬರುವಂತೆ ನೋಡಿಕೊಂಡೆವು. ಒಬ್ಬ ಹುಡುಗ ಹವಳದ ತುಂಡು ತರುತ್ತೇನೆಂದಾಗ ಬೇಡವೆಂದೆ. ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದೆ ಎಂಬುದನ್ನು ತರಗತಿಗೆ ತಿಳಿಸಲು ಅದೇ ಸಂದರ್ಭವಾಯಿತು.

ಮೀನಿನ ವಿಸರ್ಜನೆಯಿಂದ, ಉಳಿದ ಆಹಾರದ ಕೊಳೆಯುವಿಕೆಯಿಂದ ಅಮೋನಿಯಾ ಉಂಟಾಗುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಇವು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಕಲ್ಲು, ಮರಳು, ಸ್ಪಂಜಿನ ಮೇಲ್ಮೈಗೆ ಅಂಟಿಕೊಂಡು, ಬಹಳ ನಿಧಾನವಾಗಿ ಬೆಳೆಯುತ್ತವೆ. ಹೊಸ ತೊಟ್ಟಿಗೆ ಸಾಮಾನ್ಯವಾಗಿ ಮೂರರಿಂದ ಆರು ವಾರ ಹಿಡಿಯುವುದು ಈ ಕಾರಣಕ್ಕೆ. ಸಮುದ್ರದ ನೀರಿನ ಪಿಎಚ್ ಸುಮಾರು 8.2. ಪಿಎಚ್ ಒಂದು ಅಂಶ ಏರಿದರೆ ಅಮೋನಿಯಾದ ವಿಷಕಾರಿ ರೂಪದ ಪಾಲು ಹತ್ತಿರ ಹತ್ತಿರ ಹತ್ತು ಪಟ್ಟಾಗುತ್ತದೆ. ಆದ್ದರಿಂದ ಸಿಹಿನೀರಿನ ತೊಟ್ಟಿಯಲ್ಲಿ ಮೀನು ತಡೆದುಕೊಳ್ಳಬಹುದಾದ ಅಮೋನಿಯಾ ಇಲ್ಲಿ ಕೊಲ್ಲಬಹುದು.

ಅಗ್ಗದ ಒಂದು ಮೀನನ್ನು ಮೊದಲು ಬಿಟ್ಟು, ಅದು ಬದುಕುತ್ತದೆಯೇ ನೋಡಿ ಎಂಬ ಸಲಹೆಯೂ ಬಂತು. ಒಂದು ಜೀವವನ್ನು ಅಳತೆಗೋಲಾಗಿ ಬಳಸುವುದನ್ನು ಶಾಲೆಯಲ್ಲಿ ಕಲಿಸುವುದು ನನಗೆ ಸರಿಯೆನಿಸಲಿಲ್ಲ. ಬದಲಿಗೆ ಪ್ರಯೋಗಾಲಯದ ಅಮೋನಿಯಂ ಕ್ಲೋರೈಡ್ ಬಳಸಿದೆವು. 3 ಗ್ರಾಂ ಲವಣವನ್ನು 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಅದರ 10 ಮಿಲಿಲೀಟರ್ ಹಾಕಿದರೆ 50 ಲೀಟರಿನಲ್ಲಿ ಅಮೋನಿಯಾ ಲೀಟರಿಗೆ ಸುಮಾರು 2 ಮಿಲಿಗ್ರಾಂ ಆಗುತ್ತದೆ. ಬ್ಯಾಕ್ಟೀರಿಯಾಕ್ಕೆ ಬೀಜವಾಗಿ, ಓಡುತ್ತಿದ್ದ ಉಪ್ಪುನೀರಿನ ತೊಟ್ಟಿಯೊಂದರಿಂದ ಸ್ಪಂಜಿನ ತುಂಡು ತಂದು ಹಾಕಿದೆವು. ಪ್ರತಿದಿನ ಒಂದು ಗುಂಪು ನೀರು ಪರೀಕ್ಷಿಸಿ ಗೋಡೆಯ ನಕ್ಷೆಯಲ್ಲಿ ಗುರುತು ಹಾಕುತ್ತಿತ್ತು.

ಅಮೋನಿಯಾ ಎಲ್ಲಿಗೆ ಹೋಯಿತು?

ಎರಡನೇ ವಾರದ ಕೊನೆಗೆ ಅಮೋನಿಯಾ ಸೊನ್ನೆಗೆ ಇಳಿಯಿತು. ಇನ್ನು ಮೀನು ತರಬಹುದೆಂದು ನಾನು ಹೇಳುವಷ್ಟರಲ್ಲಿ ಒಬ್ಬ ಹುಡುಗಿ, “ಅಮೋನಿಯಾ ಎಲ್ಲಿಗೆ ಹೋದದ್ದು ಟೀಚರ್?” ಎಂದಳು. ನೈಟ್ರೈಟ್ ಪರೀಕ್ಷೆ ಮಾಡಿದಾಗ ಕಡು ನೇರಳೆ ಬಣ್ಣ ಬಂತು. ಮೊದಲ ಗುಂಪಿನ ಬ್ಯಾಕ್ಟೀರಿಯಾ ಸಿದ್ಧವಾಗಿತ್ತು, ಎರಡನೆಯದು ಆಗಿರಲಿಲ್ಲ. ಉಪ್ಪುನೀರಿನಲ್ಲಿ ಕ್ಲೋರೈಡ್ ಹೇರಳವಾಗಿರುವುದರಿಂದ ನೈಟ್ರೈಟ್ ಮೀನಿಗೆ ಸಿಹಿನೀರಿನಲ್ಲಿರುವಷ್ಟು ಅಪಾಯಕಾರಿಯಲ್ಲ. ಆದರೂ ಅದು ಉಳಿದಿದೆ ಎಂದರೆ ಚಕ್ರದ ಒಂದು ಕೊಂಡಿ ಇನ್ನೂ ಕೂಡಿಲ್ಲ ಎಂದರ್ಥ. ಈ ಹಂತದಲ್ಲಿ ನೈಟ್ರೇಟ್ ಪರೀಕ್ಷೆಯನ್ನೂ ನಂಬುವಂತಿಲ್ಲ. ಹೆಚ್ಚು ನೈಟ್ರೈಟ್ ಇದ್ದರೆ ಅದು ತಪ್ಪು ಅಳತೆ ತೋರಿಸುತ್ತದೆ.

ವಿಮರ್ಶಾ ಪಾಠ

23ನೇ ದಿನ ಮಾರ್ಗದರ್ಶಕ ಉಪನ್ಯಾಸಕಿಯವರು ಪಾಠವೀಕ್ಷಣೆಗೆ ಬಂದರು. ತೊಟ್ಟಿಯ ನೀರು ತಿಳಿಯಾಗಿತ್ತು. “ನೀರು ಕನ್ನಡಿ ಹಾಗೆ ಉಂಟಲ್ಲ ಟೀಚರ್, ಇನ್ನೂ ಯಾಕೆ ಮೀನು ಬಿಡುದಿಲ್ಲ?” ಎಂದು ಮಕ್ಕಳು ಬೆಳಗ್ಗೆಯಿಂದ ಕೇಳುತ್ತಿದ್ದರು. ಆ ಪ್ರಶ್ನೆಯನ್ನೇ ಪಾಠದ ಪ್ರವೇಶವಾಗಿ ಬಳಸಿಕೊಂಡೆ. ಎರಡು ಲೋಟಗಳನ್ನಿಟ್ಟೆ: ಒಂದರಲ್ಲಿ ತೊಟ್ಟಿಯ ನೀರು, ಇನ್ನೊಂದರಲ್ಲಿ ಅಂದೇ ಬೆರೆಸಿದ ಉಪ್ಪುನೀರು. ಕಣ್ಣಿಗೆ ಎರಡೂ ಒಂದೇ. ಗುಂಪುಗಳು ಪರೀಕ್ಷಿಸಿದಾಗ ತೊಟ್ಟಿಯ ನೀರು ಮಾತ್ರ ನೇರಳೆಯಾಯಿತು. ಆಮೇಲೆ ಗೋಡೆಯ ನಕ್ಷೆಯಲ್ಲಿ ಅಮೋನಿಯಾ ಇಳಿದಂತೆ ನೈಟ್ರೈಟ್ ಏರಿದ್ದನ್ನು ಅವರೇ ಓದಿ ಹೇಳಿದರು. ಇಲ್ಲಿಯವರೆಗೆ ಪಾಠ ಯೋಜನೆಯಂತೆ ಸಾಗಿತು.

ಮೌಲ್ಯಮಾಪನಕ್ಕೆ ಮೂರು ತೊಟ್ಟಿಗಳ ಅಳತೆ ಕೊಟ್ಟು, ಮೀನಿಗೆ ಸಿದ್ಧವಾದುದು ಯಾವುದೆಂದು ಕೇಳಿದೆ.

(ಅ) ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 0.
(ಆ) ಅಮೋನಿಯಾ 0, ನೈಟ್ರೈಟ್ 5.
(ಇ) ಹಿಂದಿನ ದಿನ 2 ಮಿಲಿಗ್ರಾಂ ಅಮೋನಿಯಾ ಹಾಕಿದೆ. ಇಂದು ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 20.

ಹೆಚ್ಚಿನವರು (ಅ) ಎಂದು ಬರೆದರು. ಕಾರಣ, “ಎಲ್ಲವೂ ಸೊನ್ನೆ, ಶುದ್ಧ ನೀರು”. ಸರಿಯುತ್ತರ (ಇ). (ಅ) ತೊಟ್ಟಿಯಲ್ಲಿ ಚಕ್ರ ಇನ್ನೂ ಆರಂಭವೇ ಆಗಿಲ್ಲ. ಅಲ್ಲಿಗೆ ಅಮೋನಿಯಾವೇ ಬಂದಿಲ್ಲ. ಮೀನು ಬಿಟ್ಟ ಮೇಲೆ ಬರುವ ಅಮೋನಿಯಾವನ್ನು ಬದಲಿಸಲು ಅಲ್ಲಿ ಯಾರೂ ಇಲ್ಲ.

ತಪ್ಪು ಮಕ್ಕಳದಲ್ಲ. “ಎರಡೂ ಸೊನ್ನೆಯಾದರೆ ತೊಟ್ಟಿ ಸಿದ್ಧ” ಎಂದು ವಿವರಣೆಯಲ್ಲಿ ಹೇಳಿದವಳು ನಾನು. ಕಪ್ಪುಹಲಗೆಯ ಮೇಲೆ ಬರೆದದ್ದೂ ಅದನ್ನೇ. “ಭಾರ ಹೊರಿಸಿದ ಮೇಲೆ” ಎಂಬ ಮಾತು ಬಿಟ್ಟುಹೋಗಿತ್ತು. ಉಪನ್ಯಾಸಕಿಯವರ ಟಿಪ್ಪಣಿಯಲ್ಲೂ ಮೊದಲು ಇದೇ ಇತ್ತು.

ಮರುಬೋಧನೆ

ಮುಂದಿನ ತರಗತಿಗಳಲ್ಲಿ ವಿವರಣೆ ಬಿಟ್ಟು ಪ್ರಯೋಗಕ್ಕೆ ಮರಳಿದೆವು. ಅಮೋನಿಯಾ ಹಾಕಿ, ಸರಿಯಾಗಿ 24 ಗಂಟೆಗಳ ನಂತರ ಪರೀಕ್ಷಿಸುವುದು; ನೈಟ್ರೈಟ್ ಉಳಿದಿದ್ದರೆ ಅದು ಇಳಿಯುವವರೆಗೆ ಕಾದು, ಮತ್ತೆ ಹಾಕುವುದು. 36ನೇ ದಿನ ಒಂದು ದಿನದೊಳಗೆ ಎರಡೂ ಸೊನ್ನೆಗೆ ಬಂದವು. ಆಕಸ್ಮಿಕವಿರಬಹುದೆಂದು ಮರುದಿನವೂ ಮಾಡಿದೆವು, ಫಲಿತಾಂಶ ಬದಲಾಗಲಿಲ್ಲ. ಸಂಗ್ರಹವಾದ ನೈಟ್ರೇಟ್ ತಗ್ಗಿಸಲು ಅರ್ಧ ನೀರು ಬದಲಿಸಿ, ಉಪ್ಪಿನಂಶ, ಪಿಎಚ್, ಉಷ್ಣತೆ ಸ್ಥಿರವಾಗಿವೆಯೆಂದು ಖಚಿತಪಡಿಸಿಕೊಂಡು, ಸಾಕಣೆಯಲ್ಲಿ ಮರಿಮಾಡಿಸಿದ ಪುಟ್ಟ ಕ್ಲೌನ್ ಮೀನು ಒಂದನ್ನು ಬಿಟ್ಟೆವು. ಎರಡನೆಯದನ್ನು ಆಗಲೇ ತರಲಿಲ್ಲ. ಭಾರ ಹೆಚ್ಚಿದಂತೆ ಬ್ಯಾಕ್ಟೀರಿಯಾ ಬೆಳೆಯಲು ಸಮಯ ಬೇಕು.

ಅದೇ ಮೂರು ತೊಟ್ಟಿಗಳ ಪ್ರಶ್ನೆಯನ್ನು ಮತ್ತೆ ಕೊಟ್ಟಾಗ ಹಿಂದೆ (ಅ) ಎಂದಿದ್ದ ಹುಡುಗ, “ಅದಕ್ಕೆ ಕೆಲಸವೇ ಕೊಡ್ಲಿಲ್ಲ, ಮತ್ತೆ ಹೇಗೆ ಗೊತ್ತಾಗುದು?” ಎಂದು ಹೇಳಿದ.

ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

1. ಇಂಟರ್ನ್‌ಶಿಪ್‌ನ ಮೊದಲ ವಾರದಲ್ಲೇ ತೊಟ್ಟಿ ಆರಂಭಿಸಿ. ಪಾಠದ ದಿನಾಂಕಕ್ಕೆ ತೊಟ್ಟಿಯನ್ನು ಹೊಂದಿಸಲಾಗದು. ತೊಟ್ಟಿ ಇರುವ ಹಂತಕ್ಕೆ ಪಾಠವನ್ನು ಹೊಂದಿಸಬಹುದು.
2. ಆವಿಯಾದ ನೀರಿನ ಬದಲಿಗೆ ಸಿಹಿನೀರು ಸೇರಿಸಿ. ಉಪ್ಪು ಆವಿಯಾಗುವುದಿಲ್ಲ. ಇದನ್ನೇ ಮಕ್ಕಳಿಗೆ ಪ್ರಶ್ನೆಯಾಗಿ ಕೊಡಬಹುದು.
3. ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ. ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.
4. ಕಲ್ಲಿನ ಮೇಲೆ ಕಂದು ಪಾಚಿ ಕಂಡರೆ ಗಾಬರಿ ಬೇಡ. ಹೊಸ ತೊಟ್ಟಿಗಳಲ್ಲಿ ಡಯಾಟಮ್‌ಗಳು ಸಾಮಾನ್ಯ. ಅದನ್ನೇ ಸಿದ್ಧತೆಯ ಗುರುತೆಂದೂ ತಿಳಿಯಬೇಡಿ.
5. ರಜಾದಿನಗಳಲ್ಲಿ, ಇಂಟರ್ನ್‌ಶಿಪ್ ಮುಗಿದ ಮೇಲೆ ಮೀನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಮೊದಲೇ ತೀರ್ಮಾನಿಸಿ. ಅದು ತೀರ್ಮಾನವಾಗದಿದ್ದರೆ ಮೀನು ತರಬೇಡಿ. ನೈಟ್ರೋಜನ್ ಚಕ್ರದ ಪಾಠ ಮೀನಿಲ್ಲದೆಯೂ ನಡೆಯುತ್ತದೆ.

ಆ ದಿನದಿಂದ “ಅರ್ಥವಾಯಿತೇ?” ಎಂದು ಕೇಳಿ, ಮಕ್ಕಳು ತಲೆಯಾಡಿಸಿದ ಕೂಡಲೇ ಮುಂದಿನ ಅಂಶಕ್ಕೆ ಹೋಗುವುದನ್ನು ಬಿಟ್ಟಿದ್ದೇನೆ. ಒಂದು ಪ್ರಶ್ನೆ ಕೊಟ್ಟು, ಮರುದಿನ ಉತ್ತರ ನೋಡುತ್ತೇನೆ.